ಏಳನೆಯ ಬಟ್ಟಲು

ದೇವರ ಜಗಲಿಯ ಮೇಲೆ ಆ ಬಟ್ಟಲನ್ನು ಕಂಡಾಗ ಗಂಧ ತೇಯುತ್ತಿದ್ದ ಶ್ರೀವಲ್ಲಭನ ಕೈ ನಿಂತಿತು. ನಿಂಬೆಹಣ್ಣೊಂದು ಕೂಡುವಷ್ಟು ಬಾಯಿ, ಬೆಳ್ಳಗಿನ ಪಿಂಗಾಣಿ ಮೈ, ಮೇಲೊಂದು ಬಿಳಿಯ ಮುಚ್ಚಳ. ನಿನ್ನೆಯವರೆಗೆ ಅದು ಮಂಚದ ಕೆಳಗಿನ ಟ್ರಂಕಿನಲ್ಲಿ, ಸೊಲ್ಲಾಪುರದ ರಾತ್ರಿ ಕಾಲೇಜಿನ ಪುಸ್ತಕಗಳ ಅಡಿಗೆ, ಹಳೆಯ ಕಾಲುಚೀಲವೊಂದರ ಹೊಟ್ಟೆಯಲ್ಲಿ ಮಲಗಿತ್ತು. ಈಗ ಸಾಲಿಗ್ರಾಮದ ಪೆಟ್ಟಿಗೆಗೂ ತುಪ್ಪದ ದೀಪಕ್ಕೂ ನಡುವೆ, ಯಾರೋ ಕರೆದು ಕೂಡಿಸಿದ ಮುತ್ತೈದೆಯ ಹಾಗೆ ಕೂತಿತ್ತು. ಮುಚ್ಚಳ ತೆಗೆದ. ಅಂಚಿನವರೆಗೂ ಕುಂಕುಮ.

“ಛಂದ ಅದ ಅಲ್ರಿ?” ಅಡಿಗೆಮನೆಯಿಂದ ವೃಂದಾ ಕೇಳಿದಳು. ಹೆಂಡತಿಗೆ ಬೆನ್ನಲ್ಲೂ ಕಣ್ಣಿರುತ್ತದೆ. “ಹಳೇ ಕುಂಕುಮದ ಕರಡಗಿ ಮುಚ್ಚಳ ಕೂಡವಲ್ದಾಗಿತ್ತು. ನಿಮ್ಮ ಸ್ವೆಟರ್ ಹುಡುಕ್ಲಿಕ್ಕೆ ಟ್ರಂಕ್ ತಗದ್ರ ಇದು ಸಿಕ್ತು ನೋಡ್ರಿ. ಕಾಲುಚೀಲದಾಗ ಯಾಕ ಇಟ್ಟಿದ್ರಿ?”

“ಒಡದೀತು ಅಂತ.”

“ಹುಣಸಿಹಣ್ಣು ಹಚ್ಚಿ ಲಕಲಕ ತಿಕ್ಕೀನಿ, ಅಂಜಬ್ಯಾಡ್ರಿ. ತಳದಾಗಿನ ಕಂದು ಕಲೆ ಮಾತ್ರ ಹೋಗವಲ್ದು.”

ಹೋಗುವುದಿಲ್ಲ. ಅವನೂ ತಿಕ್ಕಿದ್ದ; ಆಮ್ಲದಲ್ಲಿ ರಾತ್ರಿಯಿಡೀ ನೆನೆ ಹಾಕಿದ್ದ. ಕಾಲೇಜಿನ ಪ್ರಯೋಗಶಾಲೆಯ ಬಟ್ಟಲು ಅದು, ದೇವರ ಮುಂದೆ ಇಡಬೇಡ ಎನ್ನಲು ನಾಲಗೆ ಎತ್ತಿದವನು ಹಾಗೇ ಇಳಿಸಿದ. ಹಾಗೆಂದರೆ ಅವ್ವ ರುಕ್ಮಿಣೀಬಾಯಿ ಅದನ್ನು ಚಿಮಟಿಗೆಯಲ್ಲಿ ಹಿಡಿದು ಹಿತ್ತಲಿಗೆ ಒಗೆಯುತ್ತಾಳೆ; ಆಮೇಲೆ ವೃಂದಾ ಕೇಳುತ್ತಾಳೆ, ಕಾಲೇಜಿನ ಬಟ್ಟಲು ನಮ್ಮ ಮನಿಗೆ ಯಾಕ ಬಂತು? ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಅದು ಕುಂಕುಮ ತುಂಬಿಕೊಂಡು ಕೂತಿರುವುದೇ ವಾಸಿ ಎನ್ನಿಸಿತು. ಮುಚ್ಚಳ ಹಾಕಿದ. ಬೆರಳ ತುದಿಗೆ ಕುಂಕುಮ ಹತ್ತಿತ್ತು. ಪಂಚೆಗೆ ಒರೆಸಿಕೊಂಡರೆ ಕಲೆಯಾಗುತ್ತದೆಂದು ಎಲ್ಲಿ ಒರೆಸಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಬೆರಳನ್ನು ಗಾಳಿಯಲ್ಲೇ ಹಿಡಿದು ನಿಂತ.

ಈ ಮನೆಯಲ್ಲಿ ಪಾತ್ರೆಯೆಂದರೆ ಬರಿಯ ಪಾತ್ರೆಯಲ್ಲ. ಹಾಲಿನದು ಹಾಲಿಗೇ, ಮಜ್ಜಿಗೆಯದು ಮಜ್ಜಿಗೆಗೇ. ಅನ್ನದ ಮುಸುರೆ ತಗುಲಿದ್ದು ಬೇರೆ ಯಾವುದಕ್ಕೂ ಸಲ್ಲದು. ಚಿಕ್ಕವನಿದ್ದಾಗ ಒಮ್ಮೆ ಅನ್ನದ ಪಾತ್ರೆಯನ್ನು ಲಕಲಕ ಹೊಳೆಯುವಂತೆ ತೊಳೆದು ಅದರಲ್ಲಿ ಹಾಲು ಹಾಕಿಟ್ಟಿದ್ದ. ಕರೆಂಟು ಹೋಗಿತ್ತು. ಅವ್ವ ಕತ್ತಲಲ್ಲೇ ಅಂಚನ್ನು ಮುಟ್ಟಿ, “ಇದು ಹಾಲಿಂದಲ್ಲೋ ವಲ್ಲಭಾ” ಅಂದಿದ್ದಳು. ತೊಳೆದೀನಿ ಎಂದರೆ, “ತೊಳದ್ರೇನಾತು? ಪಾತ್ರಿಗೆ ನೆನಪಿರ್ತದ” ಅಂದು ಹಾಲನ್ನು ದನದ ಕಲಗಚ್ಚಿನ ಬಾನಿಗೆ ಸುರಿದಿದ್ದಳು. ರಸಾಯನಶಾಸ್ತ್ರ ಕಲಿಸಲು ಶುರುಮಾಡಿದ ಮೇಲೆ ಅದನ್ನು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದ್ದ. ನಗಿಸಿದರೂ ಅವನ ಕೈಗಳು ಅವ್ವನ ಕೈಗಳೇ. ಸಿಂದಗಿಯ ಕಾಲೇಜಿನ ಕಪಾಟಿನಲ್ಲಿ ಒಂದೇ ಥರದ ಎಂಟು ಬಟ್ಟಲುಗಳಿದ್ದರೂ ಯಾವುದರಲ್ಲಿ ಏನು ಕಾಯಿಸಿದ್ದೆಂದು ಕಣ್ಣು ಮುಚ್ಚಿ ಹೇಳಬಲ್ಲ. ಆದ್ದರಿಂದಲೇ, ಆ ದಿನ ಮರೆತಿದ್ದೆ ಎಂದುಕೊಳ್ಳಲು ಅವನಿಗೆ ದಾರಿಯಿರಲಿಲ್ಲ. ಬೇರೆ ಯಾರಾದರೂ ಮರೆಯಬಹುದಿತ್ತು. ಈ ಮನೆಯ ಮಗ ಮರೆಯುವಂತಿರಲಿಲ್ಲ.

ಅವನ ಊರಾದ ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಭುವನೇಶ್ವರಿ ಅವನಿಗಾಗಿ ಕಾಯುತ್ತಿದ್ದಳು. ಲಚ್ಯಾಣದ ಗುರಪ್ಪನ ಮಗಳು; ಬಿ.ಎಸ್ಸಿ.ಯಲ್ಲಿ ಅವನ ವಿದ್ಯಾರ್ಥಿನಿ, ಈಗ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೆಸರು ಹಚ್ಚಿ ಪುಡಿ ಕಾಯಿಸುವ ಕುಲುಮೆಗಾಗಿ ಮಾತ್ರ ಅವನ ಪ್ರಯೋಗಶಾಲೆಗೆ ಬರುವವಳು. ಅವನೂ ಅಂಥದೇ ಸಂಶೋಧನೆಗೆ ಹೆಸರು ಹಚ್ಚಿ ಬಹಳ ವರ್ಷಗಳಾಗಿದ್ದವು. ಇವತ್ತು ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ, ಆರು ತಿಂಗಳ ಹಿಂದಿನ ಅವಳ ಶೋಧಕ್ಕಾಗಿ, ಅವಳಿಗೆ ಸತ್ಕಾರ. ಅವಳನ್ನು ಸಭೆಗೆ ಪರಿಚಯಿಸುವ ಕೆಲಸ ಅವನದು. ಕಡ್ಡಿ ಅಂಚಿನ ಇಳಕಲ್ಲ ಸೀರೆ ಉಟ್ಟಿದ್ದಳು, ತಾಯಿಯದಿರಬೇಕು, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಸೀರೆ ಅವಳಿಗೆ ಒಪ್ಪಿತ್ತು ಎಂಬುದೂ ಅವನಿಗೆ ಸಣ್ಣಗೆ ಚುಚ್ಚಿತು. ಇಂಥ ಸಣ್ಣ ಸಣ್ಣ ಮುಳ್ಳುಗಳನ್ನು ಅವನು ಆರು ತಿಂಗಳಿಂದ ಎಣಿಸದೆ ತುಳಿಯುತ್ತಿದ್ದ: ಅವಳ ಫೋನು ಆಗಾಗ ಗುಣುಗುಟ್ಟುವುದು, ತನ್ನದು ಸುಮ್ಮನಿರುವುದು, ಅವಳು ಬರೆದ ವಾಕ್ಯಕ್ಕೆ ಮತ್ತೆ ಕಾಟು ಹೊಡೆಯದಿರುವುದು, ಮುದ್ದೇಬಿಹಾಳದ ಕಾಲೇಜಿನಲ್ಲಿ ತಾನು ಎರಡು ಸಲ ಅರ್ಜಿ ಹಾಕಿಯೂ ಸಿಗದ ಹುದ್ದೆಗೆ ಅವಳನ್ನು ಅವರೇ ಕರೆದಿರುವುದು. ಮನೆಯಲ್ಲಿ ವೃಂದಾ ಒಮ್ಮೆ ಯಾವ ಉದ್ದೇಶವೂ ಇಲ್ಲದೆ “ಆ ಹುಡುಗೀದು ತಲಿ ಭಾಳ ಚುರುಕು ಅಲ್ರಿ?” ಎಂದಾಗ, ಊಟದ ನಡುವೆ ಎದ್ದು ಕೈ ತೊಳೆದುಕೊಂಡಿದ್ದ.

“ಸರ್ರ, ನಮಸ್ಕಾರ್ರಿ. ಕಿಟಕಿ ಕಡೆ ನೀವು ಕುಂಡ್ರರಿ, ನಿಮಗ ಗಾಳಿ ಬೇಕು.”

ಕಿಟಕಿ ಬಿಟ್ಟುಕೊಟ್ಟಳು. ಗೌರವ ಕೊಡುವವರ ಮೇಲೆ ಸಿಟ್ಟು ಮಾಡುವುದು ಎಷ್ಟು ದಣಿವಿನ ಕೆಲಸ ಎಂಬುದು ಅದನ್ನು ಮಾಡಿದವನಿಗೇ ಗೊತ್ತು. ಬಸ್ಸಿನ ಮೇಲೆ ನಿಂಬೆಹಣ್ಣಿನ ಚೀಲಗಳನ್ನು ಏರಿಸುತ್ತಿದ್ದರು. ಒಡೆದ ಹಣ್ಣಿನ ಹುಳಿವಾಸನೆ ಒಳಗೆಲ್ಲ ಹಬ್ಬಿತ್ತು. ಊರು ದಾಟಿ ಬಿಳಿಜೋಳದ ಹೊಲಗಳು ಶುರುವಾದ ಮೇಲೆ ಅವಳು ಫೋನನ್ನು ಅವನ ಕಡೆ ಚಾಚಿದಳು.

“ನಿನ್ನೆ ಸಂಜಿಕ ಬಂತ್ರಿ. ಎರಡನೇ ಪುಡ್ಯಾಗ ಏನೂ ಇಲ್ಲಂತ್ರಿ ಸರ್ರ. ಸಪ್ಪಳನಽ ಇಲ್ಲಂತ.”

ಓದಿದ. ದೂರದ ಪ್ರಯೋಗಾಲಯದ ವಿಜ್ಞಾನಿ ಚಿಕ್ಕದಾಗಿ, ಮೃದುವಾಗಿ ಬರೆದಿದ್ದರು. ಮೊದಲ ಮಾದರಿಯಲ್ಲಿ ಕಂಡ ಸಂಕೇತದ ವೃದ್ಧಿ ಎರಡನೆಯದರಲ್ಲಿ ಕಾಣಲಿಲ್ಲ, ಮತ್ತೊಮ್ಮೆ ಕಳಿಸಬಹುದು, ಬರೆದಿಟ್ಟ ಲೇಖನವನ್ನು ಅಲ್ಲಿಯವರೆಗೆ ತಡೆಹಿಡಿಯುವುದು ಒಳ್ಳೆಯದು. ಓದುತ್ತಿದ್ದಂತೆ ಅವನ ಎದೆಯೊಳಗೆ ಏನೋ ಬೆಚ್ಚಗೆ ಇಳಿಯಿತು, ಚಳಿಯಲ್ಲಿ ಮೊದಲ ಗುಟುಕು ಚಹಾ ಇಳಿದ ಹಾಗೆ. ಅದರ ಹಿಂದೆಯೇ ಅದು ಏನೆಂದು ಗೊತ್ತಾಗಿ ಮುಖವನ್ನು ಕಿಟಕಿಗೆ ತಿರುಗಿಸಿದ.

ವಿಷಯ ಕಠಿಣವಲ್ಲ, ಅವನು ಅದನ್ನು ಹಳ್ಳಿಯಿಂದ ಬಂದ ಹುಡುಗರಿಗೂ ತಿಳಿಯುವಂತೆ ಹೇಳಬಲ್ಲ. ಲಿಥಿಯಂ, ಟೈಟಾನಿಯಂ, ಆಮ್ಲಜನಕ ಸೇರಿದ ಬಿಳಿಯ ಪುಡಿ, ಬ್ಯಾಟರಿಗೆ ಬೇಕಾಗುವಂಥದು. ಒಳಗೆ ಪರಮಾಣುಗಳು ಹೇಗೆ ಕೂತಿವೆ ಎಂದು ತಿಳಿಯಬೇಕಾದರೆ ಪುಡಿಯನ್ನು ಸಣ್ಣ ಕೊಳವೆಯಲ್ಲಿ ತುಂಬಿ, ಬಲವಾದ ಅಯಸ್ಕಾಂತದೊಳಗೆ ಗಿರಗಿರನೆ ತಿರುಗಿಸಿ, ಪರಮಾಣುಗಳ ಗರ್ಭದಿಂದ ಬರುವ ಸಂಕೇತವನ್ನು ಕೇಳಬೇಕು. ಆದರೆ ಆಮ್ಲಜನಕದಲ್ಲಿ ಹಾಗೆ ಉತ್ತರ ಕೊಡುವ ಜಾತಿಯದು ಹತ್ತುಸಾವಿರಕ್ಕೆ ಮೂರೋ ನಾಲ್ಕೋ ಮಾತ್ರ. ತುಂಬಿದ ಸಂತೆಯಲ್ಲಿ ಮೂವರು ಪಿಸುಗುಟ್ಟಿದಂತೆ. ಅದಕ್ಕೊಂದು ಉಪಾಯ: ಪುಡಿಯೊಳಗೆ ಸರಿಯಾದ ಲೋಹವೊಂದರ ಪರಮಾಣುಗಳನ್ನು ಅಲ್ಲೊಂದು ಇಲ್ಲೊಂದು ಸೇರಿಸಿಡಬೇಕು. ತಣ್ಣಗೆ ಮಾಡಿ ಸೂಕ್ಷ್ಮತರಂಗ ಹಾಯಿಸಿದರೆ ಆ ಲೋಹದ ಎಲೆಕ್ಟ್ರಾನುಗಳು ತಮ್ಮ ಹುರುಪನ್ನು ಪಕ್ಕದ ಗರ್ಭಕ್ಕೆ ದಾಟಿಸುತ್ತವೆ, ಅದು ತನ್ನ ಪಕ್ಕದ್ದಕ್ಕೆ. ಭಜನೆಯಲ್ಲಿ ಒಬ್ಬ ದನಿ ಎತ್ತಿದರೆ ಸಾಲಿನಿಂದ ಸಾಲಿಗೆ ಹಿಡಿದು ಕೊನೆಗೆ ಬಾಗಿಲಲ್ಲಿ ನಿಂತವನೂ ಹಾಡುವ ಹಾಗೆ. ದನಿ ಎತ್ತುವವರೇ ಹೆಚ್ಚಾದರೆ ಭಜನೆಯೇ ಇಲ್ಲ, ಬರಿಯ ಗದ್ದಲ. ಆ ಅಳತೆ ಸಿಗುವುದು ಕಷ್ಟ. ಭುವನೇಶ್ವರಿ ಲೋಹ ಯಾವುದನ್ನೂ ಬೆರೆಸಿರಲಿಲ್ಲ. ಹೋಲಿಸಿ ನೋಡಲೆಂದು ಬರಿಯ ಪುಡಿಯನ್ನು ಕಳಿಸಿದ್ದಳು. ಅದೇ ಹಾಡಿಬಿಟ್ಟಿತ್ತು. ಅದೇ ಪೆಟ್ಟಿಗೆಯಲ್ಲಿ, ಮಾದರಿ ಕಳಿಸಿರೆಂದು ಪ್ರಯೋಗಾಲಯದವರು ಹೊರಡಿಸಿದ ಅದೇ ಸುತ್ತೋಲೆಯ ಅಡಿಯಲ್ಲಿ ಶ್ರೀವಲ್ಲಭ ಕಳಿಸಿದ ಪುಡಿಯೂ ಹೋಗಿತ್ತು, ಮಡಿಯಲ್ಲಿ ಅಟ್ಟ ಅಡಿಗೆಯಷ್ಟು ಶುದ್ಧ. ಅವನದರ ಬಗ್ಗೆ ವರದಿಯಲ್ಲಿ ಒಂದೇ ಸಾಲು: ದೊರೆತ ಸಮಯದಲ್ಲಿ ಸಂಕೇತ ಕಾಣಲಿಲ್ಲ.

“ಮೊದಲಿನ ಪುಡಿ ಒಂದೀಟಾದರೂ ಉಳದಿದ್ರ ಪರೀಕ್ಷಾ ಮಾಡಿ ನೋಡ್ತಿದ್ರಂತ್ರಿ,” ಅವಳು ಅಂದಳು. “ಕೊಳವಿ ತಿರಗೂಮುಂದ ಒಡದು ಎಲ್ಲಾ ಹಾರಿಹೋಗೇತಿ. ನಮ್ಮ ದೈವ ನೋಡ್ರಿ, ಜ್ವಾಳಾ ತೂರಿದಂಗ.” ನಗಲು ನೋಡಿದಳು. “ನಾ ಎಲ್ಲಾ ಹಂಗಽ ಮಾಡೀನ್ರಿ ಸರ್ರ. ಅದಽ ಬಾಟ್ಲಿ, ಅದಽ ತೂಕ, ಅದಽ ಕಾವು. ಬಟ್ಟಲಾ ಒಂದಽ ಬ್ಯಾರೆ. ಏಳನೇ ನಂಬರಿಂದು ಸಿಗಲೇ ಇಲ್ಲ. ನಾನಽ ಎಲ್ಲಿ ಇಟ್ಟೆನೋ ಏನೋ.”

“ಬಟ್ಟಲದಾಗ ಏನಿರ್ತದ,” ಅಂದ. ಅವನ ದನಿ ಅವನಿಗೇ ಪರಕೀಯವಾಗಿ ಕೇಳಿತು.

“ಅಲ್ರಿ, ಅದರಾಗ ಮೊದಲ ಏನರ ಕಾಯಿಸಿದ್ರೇನ್ರಿ? ನಿಮಗ ನೆನಪೈತೇನ್ರಿ?”

ದೇವರಹಿಪ್ಪರಗಿಯ ಕಡೆಗೆ ರಸ್ತೆ ತಿರುಗುವಲ್ಲಿ ಬಸ್ಸು ಗುಂಡಿಗೆ ಇಳಿದು ಎದ್ದಿತು. ಎಲ್ಲರೂ ಒಮ್ಮೆ ಕುಲುಕಿ ಕೂತರು. ಆ ಕುಲುಕಿನಲ್ಲಿ ಉತ್ತರ ಕೊಡದೆ ತಪ್ಪಿಸಿಕೊಂಡ. ಮ್ಯಾಂಗನೀಸ್. ಒಂದಿಡೀ ವರ್ಷ ಆ ಬಟ್ಟಲಿನಲ್ಲಿ ಮ್ಯಾಂಗನೀಸನ್ನು ಕಾಯಿಸಿದ್ದ, ತನ್ನದೇ ಬೇರೊಂದು ಕೆಲಸಕ್ಕೆ, ಯಾವ ಫಲವೂ ಬರದ ಕೆಲಸಕ್ಕೆ. ತಳದಲ್ಲಿ ಉಂಗುರದಂತೆ ಕೂತ ಕಂದು ಕಲೆ ಅದರದ್ದು. ಮಳೆಗಾಲದ ಮೊದಲ ವಾರ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಕಪಾಟಿನ ಮುಂದೆ ನಿಂತ ಅವಳು ಕೈಯೆತ್ತಿ ತೋರಿಸಿ, “ಸರ್ರ, ಇದನ್ನ ತಗೊಳ್ಳೇನ್ರಿ?” ಎಂದು ಕೇಳಿದ್ದಳು. ತಲೆಯೆತ್ತಿದ್ದ. ತಳ ಅವನ ಕಡೆಗಿತ್ತು. ಕಬ್ಬಿಣದ ಶಾಯಿಯಲ್ಲಿ ತಾನೇ ಬರೆದು ಸುಟ್ಟ ಏಳರ ಅಂಕಿ. “ತಗೋ” ಅಂದಿದ್ದ.

ತಗೋ. ಎರಡಕ್ಷರ. ದುರ್ಬಲವಾದ ಸಂಕೇತವನ್ನು ಹಿಡಿಯುವುದಕ್ಕೆ ಇನ್ನೊಂದು ಹಳೆಯ ಉಪಾಯವಿದೆ: ಮತ್ತೆ ಮತ್ತೆ ಕೇಳುವುದು. ಗದ್ದಲ ಒಮ್ಮೆ ಮೇಲೆದ್ದು ಒಮ್ಮೆ ಕೆಳಗೆ ಬಿದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ನಿಜವಾದದ್ದು ಪ್ರತಿ ಸಲವೂ ಅದೇ ಜಾಗದಲ್ಲಿ ಏಳುತ್ತದೆ, ಮೆಲ್ಲಗೆ ಬೆಳೆಯುತ್ತದೆ. ಹಾಗೆ ಅವನು ಆ ಎರಡಕ್ಷರವನ್ನು ಬಸ್ಸಿನಲ್ಲಿ, ತರಗತಿಯಲ್ಲಿ, ಸಂಧ್ಯಾವಂದನೆಯ ನಡುವೆ, ಮತ್ತೆ ಮತ್ತೆ ಕೇಳಿಸಿಕೊಂಡಿದ್ದ. ಮೊದಮೊದಲು ಅದರಲ್ಲಿ ಆಯಾಸವಷ್ಟೇ ಇತ್ತು: ಪತ್ರಿಕೆ ತಿದ್ದುವವನ ಅಲಕ್ಷ್ಯ, ಮಧ್ಯಾಹ್ನದ ಸೆಕೆ. ಸಾವಿರ ಸಲ ಕೇಳಿದ ಮೇಲೆ ಆಯಾಸ ಅಳಿಸಿಹೋಗಿ ಅಡಿಯಿಂದ ಬೇರೊಂದು ಮೊನೆ ಎದ್ದಿತು. ಕೆಡಲಿ. ಅವಳದು ಒಂದು ಸಲ ಕೆಡಲಿ. ಹಾಗಂದಿದ್ದೆನೇ? ಅಥವಾ ಕೇಳಿ ಕೇಳಿ ನಾನೇ ಅದನ್ನು ಹುಟ್ಟಿಸಿಕೊಂಡೆನೇ? ಕೇಳುವ ಯಂತ್ರವೇ ಕೆಟ್ಟಿದ್ದರೆ ಅದೂ ಪ್ರತಿ ಸಲ ಒಂದೇ ಜಾಗದಲ್ಲಿ ಮೊನೆ ತೋರಿಸುತ್ತದೆ. ಅದನ್ನೂ ಅವನು ಪಾಠದಲ್ಲಿ ಹೇಳಿಕೊಟ್ಟಿದ್ದಾನೆ. ಎಷ್ಟು ನೀಚ ನಗೆಚಾಟಿಕೆ ಇದು! ಕೆಡಲೆಂದು ಕೊಟ್ಟದ್ದೇ ಅವಳ ಪುಡಿಗೆ ದನಿ ಕೊಟ್ಟಿತು. ಜಾಗರೂಕತೆಯಿಂದ, ಭಯದಿಂದ, ಮೂರು ಸಲ ತೊಳೆದ ಬಟ್ಟಲಿನಲ್ಲಿ ಮಾಡಿದ ತನ್ನದು ಮೂಗಾಗಿ ಕೂತಿತು.

“ನೆನಪಿಲ್ಲ,” ಅಂದ, ಕಿಟಕಿಗೆ ಹೇಳಿದಂತೆ.

“ಇರಲಿ ಬಿಡ್ರಿ,” ಅಂದಳು ಅವಳು. “ನಾ ಇವತ್ತ ಸ್ಟೇಜಿನ ಮ್ಯಾಲ ಹೇಳಿಬಿಡ್ತೇನ್ರಿ, ಎರಡನೇ ಸಲ ಬರಲಿಲ್ಲ ಅಂತ. ಸುಳ್ಳ ಹೇಳಿ ಶಾಲು ಹೊಚ್ಚಿಸ್ಕೊಳ್ಳಾಕ ನಾಚಿಕಿ ಬರ್ತೈತಿ.”

“ಹಂಗ ಅನಬ್ಯಾಡ. ಮುದ್ದೇಬಿಹಾಳದವ್ರು ಏನಂದಾರು?”

“ಕರದವ್ರು ಬ್ಯಾಡ ಅಂತಾರ. ಅವ್ವ ಎರಡ ದಿನ ಅಳ್ತಾಳ. ಅಪ್ಪ ಎಮ್ಮಿ ಮುಂದ ಕುಂತು ಬೀಡಿ ಸೇದ್ತಾನ. ಇನ್ನೇನಾಗ್ತೈತ್ರಿ?”

ಬಾಗೇವಾಡಿಯ ಕಾಲೇಜಿನಲ್ಲಿ ಪ್ರಾಚಾರ್ಯ ಅಮೋಘಸಿದ್ಧ ಅವರು ಗೇಟಿಗೇ ಬಂದು ಎದುರುಗೊಂಡರು, ಅವಳನ್ನು. ಶ್ರೀವಲ್ಲಭನ ಕೈಯಲ್ಲಿದ್ದ ಅವಳ ನೀರಿನ ಬಾಟಲಿ ನೋಡಿ, “ನೀವು ಇವರ ಲ್ಯಾಬ್ ನೋಡಿಕೊಳ್ಳೋರಲ್ಲೇನ್ರಿ? ಬರ್ರಿ ಬರ್ರಿ, ನಿಮ್ಮ ಹೆಸರೂ ಕೇಳೀವಿ,” ಎಂದರು. ಹೆಸರು ಹೇಳಲಿಲ್ಲ. ವೇದಿಕೆಯ ಮೇಲೆ ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಒಂದು ಕಡಿಮೆ ಬಿದ್ದು, ಅವನಿಗಾಗಿ ಕ್ಯಾಂಟೀನಿನಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂತು. ಒಂದು ಕಾಲು ಗಿಡ್ಡ. ಅಲ್ಲಾಡದಂತೆ ಪಾದ ಊರಿ ಕೂತ. ಹಿಂದೆ ಸಿಂದಗಿಯಲ್ಲಿ ಗಣಿತದ ಜೈನುದ್ದೀನ ಎಲ್ಲರೆದುರು “ನಮ್ಮ ನೈಟ್ ಕಾಲೇಜ್ ಸಾಹೇಬ್ರು ಹಗಲೊತ್ತು ತೂಕಡಿಸ್ತಾರಪೋ” ಎಂದು ಚಾಷ್ಟಿ ಮಾಡಿದಾಗಲೂ ಹೀಗೆಯೇ ಪಾದ ಊರಿ ಕೂತಿದ್ದ, ನಗುತ್ತ. ಅವನು ಸೊಲ್ಲಾಪುರದಲ್ಲಿ ಹಗಲು ಚಾದರದ ಗಿರಣಿಯಲ್ಲಿ ಬಣ್ಣದ ಹೊಂಡದ ಮುಂದೆ ನಿಂತು, ಸಂಜೆ ನೀಲಿ ಉಗುರುಗಳ ಕೈಯನ್ನು ಬೆಂಚಿನಡಿ ಬಚ್ಚಿಟ್ಟುಕೊಂಡು ಕಲಿತವನು. ಅಲ್ಲಿ ಮೇಷ್ಟ್ರು ಏನಾದರೂ ಕೇಳಿದರೆ ಗೊತ್ತಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ; ಗೊತ್ತಿಲ್ಲವೆಂದರೆ ಸಂಜೆಯವನಿಗೆ ತಿಳಿಯುವುದು ಇಷ್ಟೇ ಎಂದಾಗುತ್ತದೆ. ಅಂದಿನಿಂದ ಇಂದಿನವರೆಗೂ ಅವನು ಏನನ್ನೂ ಮರುಮರು ಪರೀಕ್ಷಿಸದೆ ಬಾಯಿ ಬಿಟ್ಟವನಲ್ಲ.

ಪರಿಚಯದ ಭಾಷಣವನ್ನು ನಾಲ್ಕು ಸಲ ತಿದ್ದಿ ಬರೆದಿದ್ದ. ಅದರಲ್ಲಿ ‘ಈಕೆಗೆ ತೂಗುವುದನ್ನು ಮೊದಲು ಕಲಿಸಿದವನು ನಾನು’ ಎಂಬ ವಾಕ್ಯವನ್ನು ಹಾಕಿ, ತೆಗೆದು, ಮತ್ತೆ ಹಾಕಿದ್ದ. ವೇದಿಕೆಯಲ್ಲಿ ಅದರ ಹತ್ತಿರ ಬರುತ್ತಿದ್ದಂತೆ ಇನ್ನೊಂದು ವಾಕ್ಯ ತಾನಾಗಿಯೇ ಬಾಯಿಗೆ ಬಂದು ನಿಂತಿತು: ಆ ಬಟ್ಟಲಿನಲ್ಲಿ ಮ್ಯಾಂಗನೀಸ್ ಇತ್ತು, ನನ್ನದು. ಹೇಳಿದರೆ? ಸಭೆ ಬೆರಗಾಗುತ್ತದೆ, ಶೋಧ ಅರ್ಧ ತನ್ನದಾಗುತ್ತದೆ. ಆಮೇಲೆ ಯಾರೋ ಒಬ್ಬರು ಕೇಳುತ್ತಾರೆ: ಗೊತ್ತಿದ್ದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ? ಅಮೋಘಸಿದ್ಧ ಅವರು ಕೈಗಡಿಯಾರ ನೋಡಿದರು. ತೂಕ ಕಲಿಸಿದ ವಾಕ್ಯವನ್ನೂ ಬಿಟ್ಟು, ‘ಇಷ್ಟು ಹೇಳಿ’ ಎಂದು ಮುಗಿಸಿ, ಗಿಡ್ಡಕಾಲಿನ ಕುರ್ಚಿಗೆ ಬಂದು ಕೂತ.

ಭುವನೇಶ್ವರಿ ಮೈಕಿನ ಮುಂದೆ ನಿಂತಳು. ಸೆರಗನ್ನು ಸರಿಮಾಡಿಕೊಳ್ಳಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಮೊದಲ ಸಲ ಬಂದದ್ದು ಎರಡನೆಯ ಸಲ ಬರಲಿಲ್ಲ, ಎಂದಳು. ಮೊದಲನೆಯದು ಯಾಕೆ ಬಂತು ಎಂದು ನನಗೆ ಗೊತ್ತಿಲ್ಲ. ಮೊದಲು ಬಳಸಿದ ಬಟ್ಟಲನ್ನು ನಾನು ಜೋಪಾನ ಮಾಡಲಿಲ್ಲ, ಆ ತಪ್ಪು ನನ್ನದು. ಪಾತ್ರೆ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ನಮ್ಮ ಸರ್ರು. ಅವರ ಹೆಸರಿಗೂ ನನ್ನಿಂದ ಮಾತು ಬರಬಾರದು ಅಂತ ಇದನ್ನು ಇಲ್ಲೇ ಹೇಳುತ್ತಿದ್ದೇನೆ. ಮುದ್ದೇಬಿಹಾಳದಿಂದ ಬಂದಿದ್ದ ವರದಿಗಾರ ಎತ್ತಿ ಹಿಡಿದಿದ್ದ ಫೋನನ್ನು ಇಳಿಸಿ ಜೇಬಿಗೆ ಹಾಕಿದ. ಅಮೋಘಸಿದ್ಧ ಅವರು ಎದ್ದು, “ಪ್ರಾಮಾಣಿಕತಾ ದೊಡ್ಡದ್ರಿ, ಪ್ರಾಮಾಣಿಕತಾ” ಎನ್ನುತ್ತ, ನೆಗಡಿಯಾದವರಿಗೆ ಹೊದಿಸುವಷ್ಟು ಅವಸರದಲ್ಲಿ ಶಾಲು ಹೊದಿಸಿದರು.

ಬೆಳಿಗ್ಗೆ ಬಸ್ಸಿನಲ್ಲಿ ಇಳಿದ ಆ ಬೆಚ್ಚಗಿನದು ಈಗ ಮತ್ತೆ ಬರುತ್ತದೆಂದು ಶ್ರೀವಲ್ಲಭ ಕಾದ. ಬರಲಿಲ್ಲ. ಅವಳು ಸೋತಿದ್ದಳು, ಎಲ್ಲರ ಎದುರಿಗೆ, ಅವನು ಬಯಸಿದ್ದಕ್ಕಿಂತ ಹೆಚ್ಚಾಗಿ. ಆದರೂ ಹೊಟ್ಟೆಯೊಳಗಿನ ಕಿಚ್ಚು ಇಳಿಯುವ ಬದಲು ಭಗ್ಗನೆ ಎದ್ದಿತು. ಗೊತ್ತಿಲ್ಲ ಅಂದಳಲ್ಲ! ತುಂಬಿದ ಸಭೆಯಲ್ಲಿ, ಮೈಕಿನಲ್ಲಿ. ಅವಳ ಸಂಕೇತ, ಅವಳ ಹುದ್ದೆ, ಅವಳ ಶಾಲು ಯಾವುದೂ ಅವನಿಗೆ ಬೇಕಾಗಿರಲಿಲ್ಲ ಎಂದು ಆಗ ಅನ್ನಿಸಿತು. ‘ನನಗೆ ಗೊತ್ತಿಲ್ಲ’ ಎಂಬ ಆ ಎರಡು ಮಾತು ಬೇಕಾಗಿತ್ತು. ಅದನ್ನು ಯಾವ ಟ್ರಂಕಿನಲ್ಲೂ ಬಚ್ಚಿಡಲು ಬರುವಂತಿರಲಿಲ್ಲ.

ಹಿಂದಿರುಗುವಾಗ ಅವಳು ಶಾಲನ್ನು ಮಡಿಚಿ ತಲೆದಿಂಬು ಮಾಡಿಕೊಂಡು ನಿದ್ದೆ ಹೋದಳು. ಸೋತವರಿಗೆ ಇಷ್ಟು ನಿದ್ದೆ ಹೇಗೆ ಬರುತ್ತದೆ? ಇಳಿಬಿಸಿಲಿನಲ್ಲಿ ಜೋಳದ ತೆನೆಗಳು ಕೆಂಪಗೆ ಕಾಣುತ್ತಿದ್ದವು. ಎಲ್ಲೋ ಎಳೆಜೋಳದ ಸೀತನಿ ಸುಡುವ ಹೊಗೆ. ತಗೋ, ತಗೋ, ಎಂದು ಒಳಗೆ ಮತ್ತೆ ಶುರುವಾಯಿತು. ಆದರೆ ಈ ಸಲ ಅದರ ಹಿಂದೆ, ಇಷ್ಟು ದಿನ ಅವನು ಕಿವಿಗೊಡದ ಇನ್ನೊಂದು ಸಂಜೆ ತಾನಾಗಿಯೇ ಬಂದು ಕೂತಿತು. ಮೊದಲ ವರದಿ ಬಂದ ಸಂಜೆ. ‘ಲೋಹ ಏನಾದರೂ ಬೆರೆಸಿದ್ದೀರಾ’ ಎಂದು ದೂರದವರು ಕೇಳಿದ್ದನ್ನು ಅವಳು ಕುಣಿಯುತ್ತ ಓದಿ ಹೇಳಿದ್ದಳು, ಇವನಿಗೆ ಆ ಕ್ಷಣವೇ ಎಲ್ಲವೂ ಹೊಳೆದಿತ್ತು. ಅವಳು ಹೋದ ಮೇಲೆ ಕಪಾಟು ತೆಗೆದು ಏಳನೆಯ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡಿದ್ದ. ಜೋಪಾನಕ್ಕೆ ಎಂದುಕೊಂಡಿದ್ದ. ಜೋಪಾನಕ್ಕೆ ಯಾರಾದರೂ ಕಾಲುಚೀಲದಲ್ಲಿ ಇಡುತ್ತಾರೆಯೇ? ಎರಡಕ್ಷರವನ್ನು ಸಾವಿರ ಸಲ ಜರಡಿ ಹಿಡಿದು, ಕೇಡಿತ್ತೋ ಇಲ್ಲವೋ ಎಂದು ತನ್ನನ್ನು ತಾನೇ ಹಿಂಸಿಸಿಕೊಂಡು, ಎಂಥ ಸೂಕ್ಷ್ಮ ಮನಸ್ಸು ನನ್ನದು ಎಂದು ಒಳಗೊಳಗೇ ಮೆಚ್ಚಿಕೊಂಡೂ ಇದ್ದ. ಇದು ಹಾಗಲ್ಲ. ಇದು ಒಂದೇ ಸಲ ನಡೆದದ್ದು, ಒಂದೇ ಸಲಕ್ಕೆ ಸ್ಪಷ್ಟ ಕೇಳುವಂಥದ್ದು. ಮತ್ತೆ ಕೇಳುವ ಅಗತ್ಯವೇ ಇಲ್ಲದಷ್ಟು ಗಟ್ಟಿ ದನಿ. ಅದನ್ನು ಕೇಳಬಾರದೆಂದೇ ಆ ಪಿಸುದನಿಗೆ ಕಿವಿಹಚ್ಚಿ ಕೂತಿದ್ದ.

ಇಂಡಿಯಲ್ಲಿ ಇಳಿಯುವಾಗ ಸೂರ್ಯ ಮುಳುಗುತ್ತಿದ್ದ. ಲಚ್ಯಾಣದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ವೃಂದಾಳ ಫೋನು ಬಂತು, ಅವನಿಗಲ್ಲ, ಭುವನೇಶ್ವರಿಗೆ. “ವೈನಿ ಕರ್ಯಾಕತ್ತಾರ್ರಿ ಸರ್ರ, ಒಂದೀಟ್ ಅವಲಕ್ಕಿ ತಿಂದು ಹೋಗ್ ಅಂತ. ಬರ್ಲೇನ್ರಿ?” ಬೇಡ ಎನ್ನಲು ಯಾವ ಕಾರಣವೂ ಸಿಗಲಿಲ್ಲ. ಮನೆಯ ದಾರಿಯಲ್ಲಿ ಅವಳಿಗಿಂತ ಎರಡು ಹೆಜ್ಜೆ ಮುಂದೆ, ಹೆಚ್ಚುಕಡಿಮೆ ಓಡಿದಂತೆ ನಡೆದ. ದೇವರ ಜಗಲಿಯಿಂದ ಅದನ್ನೊಂದು ತೆಗೆದಿಟ್ಟರೆ ಸಾಕು. ಆಮೇಲೆ ಯೋಚಿಸಬಹುದು.

ಹೊಸ್ತಿಲಲ್ಲಿ ಅವ್ವ ಬತ್ತಿ ಹೊಸೆಯುತ್ತ ಕೂತಿದ್ದಳು. “ಎಲ್ಲಿಗ್ಹೊಂಟಿಯೋ ಹಂಗಽ? ಊರೆಲ್ಲಾ ತಿರಗಿ ಬಂದ ಕಾಲು ದೇವರ ಮನ್ಯಾಗ ಇಡ್ತಿಯೇನು? ಹೋಗು, ಕೈಕಾಲು ತೊಳಕೊಂಡು ಬಾ.”

ನಲವತ್ತೈದು ವರ್ಷದವನು ಬಚ್ಚಲಿಗೆ ಹೋದ. ತಂಬಿಗೆಯಿಂದ ನೀರು ಸುರಿದುಕೊಂಡ, ಹಿಮ್ಮಡಿ ನೆನೆಯಲಿಲ್ಲವೆಂದು ಮತ್ತೆ ಸುರಿದುಕೊಂಡ. ಹೊರಗೆ ವೃಂದಾ ನಗುವುದು, ತಟ್ಟೆಗಳ ಸದ್ದು, ಭುವನೇಶ್ವರಿ “ಸಾಕ್ರಿ ವೈನಿ, ಹೊಟ್ಟಿ ಒಡೀತೈತಿ” ಎನ್ನುವುದು ಕೇಳುತ್ತಿತ್ತು. ಒದ್ದೆ ಕಾಲಲ್ಲಿ ಪಡಸಾಲೆಗೆ ಬಂದಾಗ ಅವಳು ಹೊರಡಲು ಎದ್ದು ನಿಂತಿದ್ದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಹಣೆಯಲ್ಲಿ ಕಳಿಸುವ ಪದ್ಧತಿ ಈ ಮನೆಯಲ್ಲಿಲ್ಲ. “ತಡೀ ತಂಗಿ, ಕುಂಕುಮ ಹಚ್ಚಿಕೊಂಡು ಹೋಗೀಯಂತ,” ಎಂದು ವೃಂದಾ ದೇವರ ಮನೆಯಿಂದ ಬಂದಳು. ಒಂದು ಕೈಯಲ್ಲಿ ಅರಿಷಿಣ, ಇನ್ನೊಂದರಲ್ಲಿ ಮುಚ್ಚಳ ತೆರೆದ ಬಿಳಿಯ ಬಟ್ಟಲು.

ಭುವನೇಶ್ವರಿಯ ಬೆರಳು ಕುಂಕುಮದಲ್ಲಿ ಇಳಿದು ಅಲ್ಲೇ ನಿಂತಿತು. ಬಟ್ಟಲನ್ನು ವೃಂದಾಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಲೆಯ ಮಟ್ಟಕ್ಕೆ ಎತ್ತಿ ತಳ ನೋಡಿದಳು. ಆಮೇಲೆ ಅವನ ಕಡೆ ನೋಡಿದಳು.

ಈ ನೋಟಕ್ಕೆ ಆರು ತಿಂಗಳಿಂದ ಅವನು ಸಿದ್ಧತೆ ಮಾಡಿಕೊಂಡಿದ್ದ. ಅದರಲ್ಲಿ ಸಿಟ್ಟಿರಬಹುದು, ಅಸಹ್ಯವಿರಬಹುದು, ಅಳುವಿರಬಹುದು. ಪ್ರತಿಯೊಂದಕ್ಕೂ ಒಂದೊಂದು ಉತ್ತರ ಬರೆದು ತಿದ್ದಿಟ್ಟಿದ್ದ. ಬಾಯಿಗೆ ಬಂದದ್ದು ಅದೇ ಎರಡಕ್ಷರ.

“ತಗೋ,” ಅಂದ.

“ಇದರಾಗ ಮೊದಲ ಏನಿತ್ರಿ ಸರ್ರ?”

“ಮ್ಯಾಂಗನೀಸ್. ಒಂದು ವರ್ಷ ಕಾಯಿಸೀನಿ. ಗೊತ್ತಿತ್ತು ನನಗ. ಅವತ್ತೂ ಗೊತ್ತಿತ್ತು. ನಾನಽ ಮನಿಗೆ ತಂದು ಇಟ್ಟೀನಿ, ನಿನ್ನ ಕೈಗೆ ಸಿಗಬಾರದಂತ…”

ಅವಳು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡಿದ್ದಳು. “ಮ್ಯಾಂಗನೀಸ್,” ಎಂದಳು ಮೆಲ್ಲಗೆ. ಕಣ್ಣು ಅವನ ಮೇಲೇ ಇತ್ತು, ಆದರೆ ಅವನನ್ನು ನೋಡುತ್ತಿರಲಿಲ್ಲ; ಅವನ ಹಿಂದಿನ ಗೋಡೆಯನ್ನೂ ದಾಟಿ, ಬಿಳಿಯ ಪುಡಿಯೊಳಗೆ ಎಲ್ಲೋ ಅಲ್ಲೊಂದು ಇಲ್ಲೊಂದು ಕೂತ ಪರಮಾಣುಗಳನ್ನು ನೋಡುತ್ತಿತ್ತು. ತುಟಿಗಳು ಅಲುಗುತ್ತಿದ್ದವು, ಲೆಕ್ಕ ಹಾಕುತ್ತಿದ್ದಳು. “ಭಾಳ ಕಡಿಮಿ ಹತ್ತಿರಬೇಕು. ಭಾಳಂದ್ರ ಭಾಳ ಕಡಿಮಿ. ಅಳತಿ ಮಾಡಿ ಹಾಕಿದ್ರ… ಅಯ್ಯ ಶಿವನ! ಬರ್ತೈತ್ರಿ ಸರ್ರ, ಮತ್ತ ಬರ್ತೈತಿ!” ಅವಳ ಮುಖ ಉಕ್ಕಿ ಬಂದ ಹಾಲಿನಂತೆ ಬೆಳ್ಳಗಾಯಿತು. ಅಂಥ ಬೆಳಕು ತನ್ನ ಮುಖದಲ್ಲಿ ಯಾವತ್ತಾದರೂ ಎದ್ದಿತ್ತೇ ಎಂದು ಶ್ರೀವಲ್ಲಭ ಹುಡುಕಿದ. ನೀಲಿ ಉಗುರಿನ ಸಂಜೆಗಳವರೆಗೂ ಹೋಗಿ ಹುಡುಕಿದ. ಒಂದು ಬೈಗುಳ ಬಿದ್ದಿದ್ದರೂ ಸಾಕಿತ್ತು. ಬೈಯುವಷ್ಟಾದರೂ ಅವಳು ತನ್ನ ಮುಂದೆ ನಿಲ್ಲಬೇಕಿತ್ತು.

“ತಡೀ, ತೊಳದು ಕೊಡ್ತೀನಿ,” ಏನೊಂದೂ ತಿಳಿಯದ ವೃಂದಾ ಅರಿಷಿಣ ಕೆಳಗಿಟ್ಟು ಬೊಗಸೆ ಚಾಚಿದಳು.

“ತೊಳೀಬ್ಯಾಡ್ರಿ ವೈನಿ! ಹಂಗಽ ಇರ್ಲಿ, ಹಂಗಽ ಇರ್ಲಿ.” ಬಟ್ಟಲನ್ನು ವೃಂದಾಳ ಬೊಗಸೆಯ ಮೇಲೆ ಬೋರಲು ಹಾಕಿ ಕುಂಕುಮವನ್ನೆಲ್ಲ ಸುರಿದಳು. ತಳದ ಕಂದು ಉಂಗುರವನ್ನು ದೀಪಕ್ಕೆ ಹಿಡಿದು ಒಮ್ಮೆ ನೋಡಿ, ಸತ್ಕಾರದ ಶಾಲಿನಲ್ಲಿ ಸುತ್ತಿದಳು. ಹಣೆಗೆ ಹಚ್ಚಿಕೊಳ್ಳುವುದನ್ನೇ ಮರೆತಿದ್ದಳು. “ಬಸ್ ತಪ್ತೈತ್ರಿ, ಬರ್ತೇನ್ರಿ ಸರ್ರ, ಆಯಿ ಬರ್ತೇನ್ರಿ,” ಎಂದು ಮೆಟ್ಟಿಲು ಇಳಿದು ಹೋದಳು. ಓಣಿಯ ತಿರುವಿನವರೆಗೂ ಅವಳ ಚಪ್ಪಲಿಯ ಸಪ್ಪಳ ಕೇಳಿಸಿತು, ಓಡುವ ಸಪ್ಪಳ.

ಅವ್ವ ಬತ್ತಿಯಿಂದ ತಲೆಯೆತ್ತಲಿಲ್ಲ. ವೃಂದಾ ಪಡಸಾಲೆಯ ನಡುವೆ ನಿಂತಿದ್ದಳು. ಬೊಗಸೆಯ ತುಂಬ ಕುಂಕುಮ. ಬೆರಳ ಸಂದಿನಿಂದ ಸಣ್ಣಗೆ ನೆಲಕ್ಕೆ ಉದುರುತ್ತಿತ್ತು.

“ಈಗ ಇದನ್ನ ಎಲ್ಲಿ ಹಾಕ್ಲಿ ಹೇಳ್ರಿ,” ಅಂದಳು.

ಶ್ರೀವಲ್ಲಭ ಎರಡೂ ಕೈ ಚಾಚಿದ.